ಗೋರಿಂಗನ ಕಾಲಾಳುಗಳು ಮತ್ತು ನನ್ನದೊಂದು ಹಳೇ ತಪ್ಪು

ತುಂಬಾ ದಿನ ಆಯ್ತು ಬ್ಲಾಗ್ ಕಡೆ ತಲೆ ಹಾಕದೆ. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಆದರೆ ಚೌತಿ ಹಬ್ಬಕ್ಕೆ ಊರಿಗೆ ಹೋಗಿದ್ದಾಗ ನಡೆದ ಒಂದು ಮಾತುಕತೆ ನನ್ನನ್ನು ಸುಮ್ಮನೆ ಕೂರೋಕೆ ಬಿಡ್ತಾ ಇಲ್ಲ. ಅದಕ್ಕೇ ಈ ಪೋಸ್ಟು. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ಹಬ್ಬದ ಊಟ ಮುಗಿಸಿ ಎಲ್ಲರೂ ಜಗುಲಿಯಲ್ಲಿ ಕೂತಿದ್ವಿ. ದೊಡ್ಡವರ ಕವಳದ ತಟ್ಟೆ ಕೈಯಿಂದ ಕೈಗೆ ಹೋಗ್ತಾ ಇತ್ತು. ರಸ್ತೆಯ ಹೊಂಡ, ತಾಲೂಕು ಆಫೀಸಿನ ಲಂಚ, ಹೋದ ಕರೆಂಟು ಹೀಗೆ ಮಾತು ಎಲ್ಲೆಲ್ಲೋ ಸುತ್ತಿತು. ಆಗ ಅಕ್ಕನ ಮಗ (ಇಂಜಿನಿಯರಿಂಗ್ ಮೊದಲನೇ ವರ್ಷ, ಬುದ್ಧಿವಂತ ಹುಡುಗ) ಮೊಬೈಲಿಂದ ತಲೆ ಎತ್ತಿ ಹೇಳಿದ: "ಈ ದೇಶಕ್ಕೆ ಒಬ್ಬ ಹಿಟ್ಲರ್ ಬೇಕು ಮಾಮ. ಒಂದು ಆರ್ಡರ್ ಕೊಟ್ರೆ ಎಲ್ಲಾ ಲೈನಿಗೆ ಬರಬೇಕು, ಹಾಗೆ."

ಈ ಮಾತು ನನಗೇನೂ ಹೊಸದಲ್ಲ. ಬಸ್ಸಲ್ಲಿ ಕೇಳಿದ್ದೀನಿ, ಕಟಿಂಗ್ ಶಾಪಲ್ಲಿ ಕೇಳಿದ್ದೀನಿ, ಮದುವೆ ಮನೆ ಪಂಕ್ತಿಯಲ್ಲೂ ಕೇಳಿದ್ದೀನಿ. ನೀವೂ ಕೇಳಿರ್ತೀರಿ. "ಅದೆಲ್ಲ ಹಾಗಲ್ಲ ಮಾರಾಯ" ಅಂತ ನಾನು ಬಾಯಿ ತೆಗೆಯೋ ಅಷ್ಟರಲ್ಲಿ ಅವನು ಇನ್ನೊಂದು ಮಾತು ಸೇರಿಸಿದ:

"ನೀನೇ ಬರ್ದಿದ್ಯಲ್ಲ ಮಾಮ, ನಿನ್ನ ಬ್ಲಾಗಲ್ಲಿ. ನಾನು ಓದಿದ್ದೀನಿ."

ಅಷ್ಟೇ. ನನ್ನ ಬಾಯಿ ಮುಚ್ಚಿ ಹೋಯ್ತು.

ಹೌದು, ಬರೆದಿದ್ದೆ. ಬ್ಲಾಗ್ ಶುರು ಮಾಡಿದ ಹೊಸತರಲ್ಲಿ. 'ಜರ್ಮನ್ನರ ಶಿಸ್ತು' ಅಂತ ಹೆಸರು ಕೊಟ್ಟು, ಆರೇ ವಾರದಲ್ಲಿ ಫ್ರಾನ್ಸನ್ನು ಮಣಿಸಿದ ಕಥೆ, ಟ್ಯಾಂಕುಗಳ ಕಥೆ, ಮಿಂಚಿನ ಯುದ್ಧದ ಕಥೆ ಎಲ್ಲ ರೋಮಾಂಚನದಿಂದ ಬರೆದಿದ್ದೆ. ಕೊನೆಗೆ "ಹಿಟ್ಲರನ ಕ್ರೌರ್ಯವನ್ನು ಒಪ್ಪಲಾಗದು, ಆದರೆ ಆ ವ್ಯವಸ್ಥೆಯ ದಕ್ಷತೆಯಿಂದ ಕಲಿಯುವುದು ಸಾಕಷ್ಟಿದೆ" ಅಂತ ಜಾಣತನದ ಒಂದು ಸಾಲು. ಹದಿನೇಳು ಕಾಮೆಂಟು ಬಂದಿತ್ತು. ಎಲ್ಲ 'ಸೂಪರ್ ಗುರು', 'ಒಳ್ಳೆ ಮಾಹಿತಿ' ಅಂತ. ಇವತ್ತು ಆ ಪೋಸ್ಟನ್ನು ಮತ್ತೆ ತೆಗೆದು ಓದಿದೆ. ಆ 'ಆದರೆ' ಇದೆಯಲ್ಲ, ಅದನ್ನು ನೋಡಿ ನಾಚಿಕೆ ಆಯ್ತು.

ಕ್ರೌರ್ಯದ ಬಗ್ಗೆ ಎಲ್ಲರಿಗೂ ಗೊತ್ತು. ಜಗಳ ಇರೋದು ಆ 'ಆದರೆ'ಯ ಜೊತೆ. "ಕೆಟ್ಟವರಿರಬಹುದು, ಆದರೆ ದಕ್ಷರು" ಅನ್ನೋ ಮಾತಿನ ಜೊತೆ. ಅದು ಶುದ್ಧ ಸುಳ್ಳು ಅಂತ ಹೇಳೋದಕ್ಕೆ ಒಂದು ಕಥೆ ಸಾಕು. ಜರ್ಮನ್ ವಾಯುಸೇನೆಯ ಕಾಲಾಳು ಡಿವಿಷನ್ನುಗಳ ಕಥೆ.

*

ವಾಯುಸೇನೆಗೆ ಯಾಕಪ್ಪಾ ಕಾಲಾಳುಗಳು ಅಂತ ಕೇಳಿದ್ರಾ? ಅಲ್ಲೇ ಇರೋದು ತಮಾಷೆ. (ಪ್ಯಾರಾಚೂಟ್ ಪಡೆ ಅಂದ್ಕೋಬೇಡಿ. ಅವರೂ ಅಲ್ಲಿ ವಾಯುಸೇನೆಗೇ ಸೇರಿದವರು, ಆದರೆ ಒಳ್ಳೆ ತರಬೇತಿ ಪಡೆದವರು. ಇವರು ಬೇರೆ.)

೧೯೪೧ರ ಜೂನ್‌ನಲ್ಲಿ ಹಿಟ್ಲರ್ ರಷ್ಯಾ ಮೇಲೆ ಬಿದ್ದ. ಚಳಿಗಾಲದೊಳಗೆ ಮುಗಿಸ್ತೀವಿ ಅಂತ ಹೊರಟವರು ಮಾಸ್ಕೋ ಮುಂದೆ ಹಿಮದಲ್ಲಿ ಸಿಕ್ಕಿಹಾಕಿಕೊಂಡರು. ೧೯೪೨ರ ಫೆಬ್ರವರಿ ಮುಗಿಯೋ ಹೊತ್ತಿಗೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಜರ್ಮನ್ ಭೂಸೇನೆಯ ನಷ್ಟ ೧೦ ಲಕ್ಷ ದಾಟಿತ್ತು. ಡಿವಿಷನ್ನುಗಳಲ್ಲಿ ಜನ ಇಲ್ಲ. ಅದೇ ಹೊತ್ತಿಗೆ ವಾಯುಸೇನೆಯಲ್ಲಿ, ಅಂದರೆ ಲುಫ್ಟ್‌ವಾಫೆಯಲ್ಲಿ, ೧೫ ಲಕ್ಷಕ್ಕೂ ಹೆಚ್ಚು ಜನ. ಎಲ್ಲರೂ ಪೈಲಟ್‌ಗಳಲ್ಲ. ಮೆಕ್ಯಾನಿಕ್‌ಗಳು, ರೇಡಿಯೋದವರು, ವಿಮಾನ ಹೊಡೆಯೋ ತೋಪಿನವರು, ಉಗ್ರಾಣದವರು, ಗುಮಾಸ್ತರು, ಹಾರಾಟದ ತರಬೇತಿಗೆ ಕಾಯ್ತಾ ಇದ್ದ ಹುಡುಗರು. ಭೂಸೇನೆಯವರು ಕೇಳಿದರು: ಹೆಚ್ಚುವರಿ ಜನರನ್ನು ನಮಗೆ ಕೊಡಿ, ನಮ್ಮ ಹಳೇ ಡಿವಿಷನ್ನುಗಳಲ್ಲಿ ಅನುಭವಿಗಳ ಜೊತೆ ಸೇರಿಸ್ತೀವಿ.

ಇದು ಯಾರಿಗಾದರೂ ಅರ್ಥ ಆಗೋ ಮಾತು. ನಮ್ಮ ಕಡೆ ತೋಟ ಇರೋರಿಗೆ ಗೊತ್ತು, ಹೊಸ ಕೊನೆಗಾರನನ್ನು ಹಳೇ ಕೊನೆಗಾರನ ಜೊತೆಗೇ ಮರ ಹತ್ತಿಸೋದು. ಎಲ್ಲಿ ಕಾಲು ಜಾರುತ್ತೆ, ಮರದಿಂದ ಮರಕ್ಕೆ ಹೇಗೆ ದಾಟಬೇಕು, ಇದನ್ನೆಲ್ಲ ಪುಸ್ತಕ ಓದಿ ಕಲಿಯೋಕಾಗಲ್ಲ. ಯಾರಾದರೂ ಇಪ್ಪತ್ತು ಜನ ಹೊಸಬರನ್ನೇ ಒಟ್ಟುಮಾಡಿ, ಹೊಸಬನನ್ನೇ ಮೇಸ್ತ್ರಿ ಮಾಡಿ, ಜುಲೈ ಮಳೆಯಲ್ಲಿ ಕೊಳೆ ಔಷಧಿ ಹೊಡೆಯೋಕೆ ತೋಟಕ್ಕೆ ಕಳಿಸ್ತಾರಾ?

ಗೋರಿಂಗ್ ಕಳಿಸಿದ.

ಹರ್ಮನ್ ಗೋರಿಂಗ್ ವಾಯುಸೇನೆಯ ಮುಖ್ಯಸ್ಥ, ಹಿಟ್ಲರನ ನಂತರದ ಗದ್ದುಗೆ ತನ್ನದು ಅಂದ್ಕೊಂಡಿದ್ದವನು. ತನ್ನ ಜನರನ್ನು ಭೂಸೇನೆಗೆ ಕೊಟ್ಟರೆ ತನ್ನ ತೂಕ ಕಡಿಮೆಯಾಗುತ್ತೆ. ಆದರೆ ಹಾಗಂತ ಹೇಳೋಕಾಗುತ್ತಾ? ಅದಕ್ಕೆ ಸಿದ್ಧಾಂತದ ಅಂಗಿ ತೊಡಿಸಿದ. ಭೂಸೇನೆಯಲ್ಲಿ ಇನ್ನೂ ಪಾದ್ರಿಗಳಿದ್ದಾರೆ, ಕೈಸರನ ಕಾಲದ ಗುಂಗಿನ ಆಫೀಸರುಗಳಿದ್ದಾರೆ, ನಾಜಿ ನಿಷ್ಠೆಯಲ್ಲಿ ಬೆಳೆದ ನನ್ನ ಹುಡುಗರನ್ನು ಅವರ ಕೈಗೆ ಕೊಡಲ್ಲ, ನಾನೇ ನನ್ನ ಕಾಲಾಳು ಪಡೆ ಕಟ್ಟಿ ಕೊಡ್ತೀನಿ ಅಂದ. (ಅವನ ವಾದ ಇದು ಅಂತ ಜನರಲ್ ಮಾನ್‌ಸ್ಟೈನ್ ಬರೆದಿಟ್ಟಿದ್ದಾನೆ. ಈ ಮಹಾನುಭಾವನ ಬಗ್ಗೆ ಮುಂದೆ ಹೇಳ್ತೀನಿ.) ಹಿಟ್ಲರ್ ಹೂಂ ಅಂದ. ೧೯೪೨ರ ಸೆಪ್ಟೆಂಬರಿನಲ್ಲಿ ಗೋರಿಂಗ್ ಕರೆ ಕೊಟ್ಟ. ಮುಂದಿನ ಕೆಲವೇ ತಿಂಗಳಲ್ಲಿ ಇಪ್ಪತ್ತರಷ್ಟು ಡಿವಿಷನ್ನುಗಳು ಎದ್ದವು, ಒಟ್ಟು ಸುಮಾರು ೨ ಲಕ್ಷ ಜನ. ಹೆಸರು 'ಲುಫ್ಟ್‌ವಾಫೆ ಫೀಲ್ಡ್ ಡಿವಿಷನ್'.

ಡಿವಿಷನ್ ಅನ್ನೋ ಹೆಸರೇನೋ ದೊಡ್ಡದು. ಒಳಗೆ ನೋಡಿದರೆ ಮೂರು ರೆಜಿಮೆಂಟ್ ಇರಬೇಕಾದ ಕಡೆ ಎರಡೇ. ತೋಪುಗಳು ಕಡಿಮೆ. ತರಬೇತಿ ಕೆಲವೇ ವಾರಗಳದ್ದು. ಎಲ್ಲಕ್ಕಿಂತ ದೊಡ್ಡ ಕೊರತೆ ಅಂದರೆ, ಮುಂದೆ ನಿಂತು ನಡೆಸಬೇಕಾದ ಆಫೀಸರುಗಳಿಗೂ ಹವಾಲ್ದಾರರಿಗೂ ಕಾಲಾಳು ಯುದ್ಧ ಅಂದರೆ ಏನು ಅಂತ ಗೊತ್ತಿಲ್ಲ. ನಿನ್ನೆವರೆಗೆ ವಿಮಾನದ ಇಂಜಿನ್ ಬಿಚ್ಚಿ ಜೋಡಿಸ್ತಾ ಇದ್ದವನು ಇವತ್ತು ಕಂದಕದಲ್ಲಿ ಕೂತು ಟ್ಯಾಂಕ್ ಬರೋದನ್ನು ನೋಡಬೇಕು. ಆ ಕಡೆ ಇಂಜಿನ್ ಕೆಲಸ ಬಲ್ಲ ಒಬ್ಬ ಕಡಿಮೆಯಾದ, ಈ ಕಡೆ ಒಬ್ಬ ಸೈನಿಕ ಹೆಚ್ಚಾಗಲಿಲ್ಲ. ಇದೇ ಆ ದಕ್ಷತೆ!

*

ನಮ್ಮಲ್ಲಿ ಬಹಳಷ್ಟು ಬ್ಲಾಗಿಗರು ಸಾಫ್ಟ್‌ವೇರಿನವರು. ನಿಮಗೆ ಇದು ಬೇಗ ಅರ್ಥ ಆಗುತ್ತೆ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ (ಹೆಸರು ಬೇಡ) ಒಬ್ಬ ಮ್ಯಾನೇಜರ್ ಹತ್ತಿರ ಹನ್ನೆರಡು ಜನ ಬೆಂಚಲ್ಲಿ ಕೂತಿದ್ದರು. ಪಕ್ಕದ ಪ್ರಾಜೆಕ್ಟ್ ಮುಳುಗ್ತಾ ಇತ್ತು, ಅವರಿಗೆ ಜನ ಬೇಕು. ಇವನು ಕೊಡಲಿಲ್ಲ. ಕೊಟ್ಟರೆ ತನ್ನ ತಲೆ ಲೆಕ್ಕ ಕಡಿಮೆಯಾಗುತ್ತಲ್ಲ! ಬದಲಿಗೆ ಮೇಲಿನವರಿಗೆ ಬೆಣ್ಣೆ ಹಚ್ಚಿ, ಅದೇ ಕೆಲಸಕ್ಕೆ ತನ್ನದೇ ಪ್ರತ್ಯೇಕ ಟೀಮ್ ಮಾಡಿದ. ಆ ಹನ್ನೆರಡರಲ್ಲಿ ಒಬ್ಬರಿಗೂ ಆ ಕೆಲಸ ಬರ್ತಾ ಇರಲಿಲ್ಲ. ಹೇಳಿಕೊಡೋರೂ ಇಲ್ಲ. ಮೂರು ತಿಂಗಳು ರಾತ್ರಿ ಹಗಲು ಒದ್ದಾಡಿ, ಬೈಸಿಕೊಂಡು, ಪ್ರಾಜೆಕ್ಟು ಮುಳುಗೇ ಮುಳುಗಿತು. ಅವನಿಗೆ ಪ್ರಮೋಷನ್ ಆಯ್ತು :-) ಆ ಹನ್ನೆರಡರಲ್ಲಿ ನಾನೂ ಒಬ್ಬ.

ಅಲ್ಲಿ ನಮಗೆ ಹೋಗಿದ್ದು ಶನಿವಾರ ಭಾನುವಾರ. ಇಲ್ಲಿ ಹೋಗಿದ್ದು ಪ್ರಾಣ.

ಲೆಕ್ಕ ನೋಡಿ. ೧೯೪೨ರ ನವೆಂಬರಿನಲ್ಲಿ ಸ್ಟಾಲಿನ್‌ಗ್ರಾಡಿನಲ್ಲಿ ಜರ್ಮನರ ೬ನೇ ಸೈನ್ಯವನ್ನು ರಷ್ಯನ್ನರು ಸುತ್ತುಗಟ್ಟಿದರು. ಒಳಗಿದ್ದವರಿಗೆ ದಿನಕ್ಕೆ ೫೦೦ ಟನ್ ಸಾಮಾನು ವಿಮಾನದಲ್ಲಿ ಸಾಗಿಸ್ತೀನಿ ಅಂತ ಭರವಸೆ ಕೊಟ್ಟವನೂ ಇದೇ ಗೋರಿಂಗ್. ಸರಾಸರಿ ತಲುಪಿದ್ದು ಸುಮಾರು ನೂರು ಟನ್. ಆ ಸಾಗಾಟದಲ್ಲಿ ಕಳೆದುಕೊಂಡ ವಿಮಾನಗಳು ೫೦೦ರ ಹತ್ತಿರ. ಅದೇ ವಾರಗಳಲ್ಲಿ, ಅಲ್ಲಿಂದ ಸ್ವಲ್ಪ ಪಶ್ಚಿಮಕ್ಕೆ ಚಿರ್ ನದಿ ದಂಡೆಯ ಕಡೆ, ಹೊಸದಾಗಿ ಹುಟ್ಟಿದ ೭ ಮತ್ತು ೮ನೇ ಫೀಲ್ಡ್ ಡಿವಿಷನ್ನುಗಳನ್ನು ಸೋವಿಯತ್ ಟ್ಯಾಂಕುಗಳ ಮುಂದೆ ದೂಡಿದರು. ಹೊಸ ವರ್ಷ ಬರೋ ಹೊತ್ತಿಗೆ ಎರಡೂ ಚಿಂದಿ. ಉಳಿದವರನ್ನು ೧೫ನೇ ಡಿವಿಷನ್ನಿಗೆ ಸೇರಿಸಿದರು. ಅಂದರೆ ಒಂದೇ ಮನುಷ್ಯ, ಒಂದೇ ಚಳಿಗಾಲ. ಆಕಾಶದಲ್ಲಿ ಕೊಟ್ಟ ಮಾತೂ ಸುಳ್ಳಾಯ್ತು, ನೆಲದಲ್ಲಿ ಕೊಟ್ಟ ಪಡೆಯೂ ಮಣ್ಣಾಯ್ತು.

೧೯೪೩ರ ಅಕ್ಟೋಬರ್ ೬. ನೆವೆಲ್ ಎಂಬ ಊರಿನ ಬಳಿ, ಎರಡು ಜರ್ಮನ್ ಸೈನ್ಯಗುಂಪುಗಳು ಸೇರೋ ಜಾಗದಲ್ಲಿ ೨ನೇ ಫೀಲ್ಡ್ ಡಿವಿಷನ್ ನಿಂತಿತ್ತು. ಎರಡು ಗದ್ದೆ ಸೇರೋ ಅಂಚು ಯಾವಾಗಲೂ ಸಡಿಲ, ನೀರು ಅಲ್ಲೇ ಒಡೆಯೋದು. ರಷ್ಯನ್ನರು ಅಲ್ಲೇ ಹೊಡೆದರು. ಡಿವಿಷನ್ ಚದುರಿತು, ಊರು ಅವತ್ತೇ ಕೈಬಿಟ್ಟಿತು.

೧೯೪೪ರ ಜನವರಿ ೧೪. ಲೆನಿನ್‌ಗ್ರಾಡಿನ ಪಶ್ಚಿಮಕ್ಕೆ ಒರಾನಿಯನ್‌ಬೌಮ್ ಹತ್ತಿರ ೯ ಮತ್ತು ೧೦ನೇ ಡಿವಿಷನ್ನುಗಳು. ಸೋವಿಯತ್ ದಾಳಿಗೆ ಕೆಲವೇ ದಿನಗಳಲ್ಲಿ ಎರಡೂ ಮುರಿದವು, ಆಮೇಲೆ ಅವುಗಳ ಹೆಸರನ್ನೇ ಪಟ್ಟಿಯಿಂದ ತೆಗೆದರು. ಅದೇ ವರ್ಷ ಜೂನ್ ಕೊನೆಗೆ ಬೆಲರೂಸಿನ ವಿಟೆಬ್ಸ್ಕ್‌ನಲ್ಲಿ ೪ ಮತ್ತು ೬ನೇ ಡಿವಿಷನ್ನುಗಳು ಸುತ್ತುಗಟ್ಟಿದ ಬಲೆಯೊಳಗೆ ಸಿಕ್ಕಿ ನಾಶವಾದವು. ಯುದ್ಧ ಮುಗಿಯುವಾಗ ಆ ಇಪ್ಪತ್ತರಲ್ಲಿ ಉಳಿದಿದ್ದು ಬೆರಳೆಣಿಕೆಯಷ್ಟು.

*

ಈಗ ನೀವು ಹೇಳಬಹುದು, "ಇದೆಲ್ಲ ಗೋರಿಂಗ್ ಒಬ್ಬನ ಹುಚ್ಚು. ಭೂಸೇನೆಯ ಜನರಲ್‌ಗಳ ಕೈಯಲ್ಲಿ ಬಿಟ್ಟಿದ್ರೆ ಸರಿ ಮಾಡ್ತಿದ್ರು." ನನ್ನ ಅಳಿಯನೂ ಇದನ್ನೇ ಹೇಳ್ತಾನೆ: ಜನರಲ್‌ಗಳು ಮಹಾ ಬುದ್ಧಿವಂತರು, ಹಿಟ್ಲರ್ ತಲೆ ಹಾಕದೆ ಇದ್ದಿದ್ರೆ ಗೆಲ್ತಿದ್ರು. ಅವನು ಆಡೋ ವಿಡಿಯೋ ಗೇಮಿನಲ್ಲಿ ಹಾಗೇ ಆಗುತ್ತಂತೆ!

ಆ ವಾದಕ್ಕೆ ಉತ್ತರವಾಗಿ ೧೬ನೇ ಫೀಲ್ಡ್ ಡಿವಿಷನ್ನಿನ ಕಥೆ ಕೇಳಿ.

೧೯೪೨ರ ಕೊನೆಗೆ ಹುಟ್ಟಿದ್ದು ಇದು. ಅದೃಷ್ಟಕ್ಕೆ ರಷ್ಯಾಕ್ಕೆ ಹೋಗಲಿಲ್ಲ. ೧೯೪೩ರಲ್ಲಿ ನೆದರ್ಲೆಂಡ್ಸ್ ಕರಾವಳಿ ಕಾಯೋ ಕೆಲಸ ಸಿಕ್ಕಿತು. ಆ ವರ್ಷದ ನವೆಂಬರ್ ೧ರಿಂದ ಈ ಎಲ್ಲಾ ಡಿವಿಷನ್ನುಗಳು ಭೂಸೇನೆಯ ಕೈಗೆ ಬಂದವು. ಕಡೆಗೂ! ಭೂಸೇನೆಯವರು ಹೆಸರಿನ ಮುಂದೆ 'ಎಲ್' ಅಂತ ಒಂದಕ್ಷರ ಹಾಕಿದರು, ವಾಯುಸೇನೆಯಿಂದ ಬಂದಿದ್ದು ಅಂತ ಗುರುತಿಗೆ. ತಮ್ಮ ಆಫೀಸರುಗಳನ್ನು ಹಾಕಿದರು, ರಚನೆ ತಿದ್ದಿದರು. ಇಷ್ಟು ಮಾಡಿದ್ದು ನಿಜ, ಅದನ್ನು ಒಪ್ಪಬೇಕು.

೧೯೪೪ರ ಜೂನ್ ೬ರಂದು ಬ್ರಿಟಿಷರು, ಅಮೆರಿಕನ್ನರು, ಕೆನಡಾದವರು ಫ್ರಾನ್ಸಿನ ನಾರ್ಮಂಡಿ ಕರಾವಳಿಯಲ್ಲಿ ಇಳಿದರು. ಅಲ್ಲಿನ ಕಾನ್ ಎಂಬ ಪಟ್ಟಣದ ಉತ್ತರಕ್ಕೆ ಒಂದು ತಿಂಗಳಿಂದ ೨೧ನೇ ಪಾನ್ಸರ್ ಡಿವಿಷನ್, ಅಂದರೆ ಟ್ಯಾಂಕ್ ಡಿವಿಷನ್, ಹೋರಾಡ್ತಾ ಇತ್ತು. ಜುಲೈ ಮೊದಲ ವಾರದಲ್ಲಿ ಆ ಜಾಗಕ್ಕೆ ಯಾರನ್ನು ತಂದು ನಿಲ್ಲಿಸಿದರು ಗೊತ್ತಾ? ಎಂದೂ ದೊಡ್ಡ ಯುದ್ಧ ನೋಡದ ೧೬ನೇ ಫೀಲ್ಡ್ ಡಿವಿಷನ್ನನ್ನು. ನಿಲ್ಲಿಸಿದ್ದು ಗೋರಿಂಗ್ ಅಲ್ಲ. ಅದೇ 'ಬುದ್ಧಿವಂತ' ಭೂಸೇನೆ.

ಜುಲೈ ೭ರ ಸಂಜೆ ೪೫೦ಕ್ಕೂ ಹೆಚ್ಚು ಬ್ರಿಟಿಷ್ ಭಾರಿ ಬಾಂಬರುಗಳು ಬಂದವು. ಸುರಿದಿದ್ದು ೨,೦೦೦ ಟನ್ನಿಗೂ ಹೆಚ್ಚು. ಅದರಲ್ಲಿ ಬಹುಪಾಲು ಬಿದ್ದಿದ್ದು ಪಟ್ಟಣದ ಮೇಲೆ, ಸತ್ತಿದ್ದು ನೂರಾರು ಫ್ರೆಂಚ್ ನಾಗರಿಕರು. (ಗೆದ್ದವರ ಕಡೆಯ ಈ ಲೆಕ್ಕವನ್ನೂ ಮರೆಯೋದು ಬೇಡ.) ಮಾರನೇ ದಿನ ಬೆಳಗ್ಗೆ ಕಾಲಾಳು, ಟ್ಯಾಂಕು ಎಲ್ಲ ಸೇರಿ ದಾಳಿ. ಎರಡು ದಿನದಲ್ಲಿ ಪಟ್ಟಣದ ಉತ್ತರದ ಪಾಲು ಹೋಯ್ತು. ಅಲ್ಲಿ ನಿಂತಿದ್ದ ೧೬ನೇ ಡಿವಿಷನ್ನಿನ ಕಾಲಾಳುಗಳಲ್ಲಿ ಸುಮಾರು ಮುಕ್ಕಾಲು ಪಾಲು ಸತ್ತರು, ಗಾಯಗೊಂಡರು ಇಲ್ಲವೇ ಸೆರೆಸಿಕ್ಕರು.

ಮುಗೀತಾ? ಇಲ್ಲ. ಉಳಿದ ಭಾಗವನ್ನು ಓರ್ನ್ ನದಿಯ ಪೂರ್ವಕ್ಕೆ ಹಾಗೇ ನಿಲ್ಲಿಸಿದ್ದರು. ಹತ್ತು ದಿನ ಬಿಟ್ಟು, ಜುಲೈ ೧೮ರ ಬೆಳಗ್ಗೆ, ಈ ಸಲ ಬಂದಿದ್ದು ನೂರಾರಲ್ಲ, ಸಣ್ಣದು ದೊಡ್ಡದು ಸೇರಿ ೨,೦೦೦ ಬಾಂಬರು. ಅದರ ಹಿಂದೆಯೇ ಬ್ರಿಟಿಷರ ಮೂರು ಟ್ಯಾಂಕ್ ಡಿವಿಷನ್ನುಗಳು. ಬಾಂಬಿನ ಸದ್ದಿಗೆ ಬುದ್ಧಿ ಮಂಕಾಗಿ, ಕಿವಿ ಕೇಳದೆ, ಎದ್ದು ನಿಲ್ಲಲೂ ಆಗದ ಸ್ಥಿತಿಯಲ್ಲಿ ಎಷ್ಟೋ ಜನ ಕೈ ಎತ್ತಿದರು. ಅಲ್ಲಿಗೆ ೧೬ನೇ ಡಿವಿಷನ್ ಮುಗೀತು. ಆಗಸ್ಟಿನಲ್ಲಿ ಅದನ್ನು ವಿಸರ್ಜಿಸಿ, ಅಳಿದುಳಿದವರನ್ನು ಬೇರೆ ಕಡೆ ಹಂಚಿದರು. ಕೆಲವರು ಸೇರಿದ್ದು ಯಾವುದಕ್ಕೆ ಅಂತೀರಿ? ಅದೇ ೨೧ನೇ ಪಾನ್ಸರ್ ಡಿವಿಷನ್ನಿಗೆ. ಅಂದರೆ ಎರಡು ವರ್ಷ ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು, ಹೊಸಬರನ್ನು ಅನುಭವಿಗಳ ಜೊತೆ ಸೇರಿಸೋದನ್ನು, ಮುಕ್ಕಾಲು ಪಾಲು ಹೋದ ಮೇಲೆ ಮಾಡಿದರು.

ವಾಯುಸೇನೆಯ ಹುಡುಗರು ವಿಮಾನದಿಂದ ಬಿದ್ದ ಬಾಂಬಿಗೇ ಹೋದರು, ಅವರ ತಲೆ ಮೇಲೆ ಅವರದೇ ವಿಮಾನಗಳು ಕಾಣಲಿಲ್ಲ. ಇದಕ್ಕಿಂತ ಹೆಚ್ಚು ನಾನೇನು ಹೇಳಲಿ.

*

ಮಾನ್‌ಸ್ಟೈನ್ ಬಗ್ಗೆ ಹೇಳ್ತೀನಿ ಅಂದಿದ್ದೆ.

ಯುದ್ಧ ಮುಗಿದ ಮೇಲೆ, ೧೯೫೫ರಲ್ಲಿ, ಈತ 'ಕಳೆದುಹೋದ ಗೆಲುವುಗಳು' ಎಂಬ ಅರ್ಥದ ಹೆಸರಿಟ್ಟು ಆತ್ಮಕಥೆ ತಂದ. ಅದರಲ್ಲಿ ಈ ಡಿವಿಷನ್ನುಗಳನ್ನು ಹಿಗ್ಗಾಮುಗ್ಗ ಬೈದಿದ್ದಾನೆ. ಬೈದಿದ್ದು ಸರಿಯಾಗೇ ಇದೆ, ಅದರಲ್ಲಿ ತಕರಾರಿಲ್ಲ. ಆದರೆ ಇಡೀ ಪುಸ್ತಕದ ಧಾಟಿ ಏನು ಅಂದ್ರೆ, ತಪ್ಪೆಲ್ಲ ಹಿಟ್ಲರ್ ಮತ್ತು ಗೋರಿಂಗಂದು, ನಾವು ಜನರಲ್‌ಗಳು ಬರೀ ವೃತ್ತಿ ಮಾಡಿದವರು.

ಹೌದಾ? ೧೯೪೧ರ ನವೆಂಬರ್ ೨೦ರಂದು, 'ಯಹೂದಿ-ಬೊಲ್ಶೆವಿಕ್ ವ್ಯವಸ್ಥೆ'ಯನ್ನು ಬೇರುಸಹಿತ ಕೀಳಬೇಕು ಅಂತ ತನ್ನ ಸೈನಿಕರಿಗೆ ಆದೇಶ ಹೊರಡಿಸಿ ಸಹಿ ಹಾಕಿದವನು ಇದೇ ಮಾನ್‌ಸ್ಟೈನ್. ೧೯೪೯ರಲ್ಲಿ ಹ್ಯಾಂಬರ್ಗಿನಲ್ಲಿ ಬ್ರಿಟಿಷ್ ಮಿಲಿಟರಿ ಕೋರ್ಟು ಯುದ್ಧಾಪರಾಧಕ್ಕೆ ೧೮ ವರ್ಷ ಶಿಕ್ಷೆ ಕೊಟ್ಟಿತು. ಅದನ್ನು ೧೨ಕ್ಕೆ ಇಳಿಸಿದರು, ೧೯೫೩ರಲ್ಲೇ ಬಿಟ್ಟೂ ಬಿಟ್ಟರು. ಎರಡು ವರ್ಷಕ್ಕೆ ಪುಸ್ತಕ! ನಾನು ಹಳೇ ಪೋಸ್ಟು ಬರೆದಿದ್ದು ಇಂಥವರ ಪುಸ್ತಕಗಳನ್ನು ಓದಿದವರ ಪುಸ್ತಕಗಳನ್ನು ಓದಿ. ಕಳ್ಳನ ಮನೆಯವರ ಸಾಕ್ಷಿ ಕೇಳಿ ತೀರ್ಪು ಬರೆದ ಹಾಗೆ.

ಗೋರಿಂಗನಿಗೆ ಈ ಡಿವಿಷನ್ನುಗಳ ದೆಸೆಯಿಂದ ಏನಾಯ್ತು? ಏನೂ ಆಗಲಿಲ್ಲ. ೧೯೪೫ರ ಏಪ್ರಿಲ್‌ವರೆಗೂ ಅದೇ ಕುರ್ಚಿ. ಆಗ ಹಿಟ್ಲರ್ ಅವನನ್ನು ಕಿತ್ತುಹಾಕಿದ್ದು ಸತ್ತ ಸೈನಿಕರಿಗಾಗಿ ಅಲ್ಲ, ತನ್ನ ಗದ್ದುಗೆಗೆ ಕೈ ಹಾಕಿದ ಅನ್ನೋ ಅನುಮಾನಕ್ಕೆ.

ಇಲ್ಲೇ ನನ್ನ ಮುಖ್ಯ ಮಾತು. "ಒಬ್ಬ ಬಲವಾದ ನಾಯಕ ಬಂದ್ರೆ ಎಲ್ಲಾ ಲೈನಿಗೆ ಬರುತ್ತೆ" ಅಂತೀವಿ. ಒಬ್ಬನೇ ನಾಯಕ ಇದ್ದ ಕಡೆ ಏನಾಗುತ್ತೆ ಅಂದ್ರೆ, ಕೆಳಗಿನವರೆಲ್ಲ ಕೆಲಸ ಬಿಟ್ಟು ಅವನ ಕಿವಿಗಾಗಿ ಪೈಪೋಟಿ ಮಾಡ್ತಾರೆ. ಯಾರ ಮಾತು ಸರಿ ಅನ್ನೋದಲ್ಲ, ಯಾರು ಅವನಿಗೆ ಹತ್ತಿರ ಅನ್ನೋದು ನಿರ್ಧಾರ ಆಗುತ್ತೆ. 'ನಿಷ್ಠೆ' ಅನ್ನೋ ಪದವನ್ನು ಹೇಳಿದರೆ ಸಾಕು, ಬುದ್ಧಿ ಇರೋ ಪ್ರಶ್ನೆಯ ಬಾಯಿ ಮುಚ್ಚುತ್ತೆ. ಹೊರಗಿನಿಂದ ನೋಡೋರಿಗೆ ಎಲ್ಲರೂ ಸಾಲಾಗಿ ನಿಂತು ಸೆಲ್ಯೂಟ್ ಹೊಡೆಯೋದು ಕಾಣುತ್ತೆ. ಅದನ್ನೇ ನಾವು ಶಿಸ್ತು ಅಂತೀವಿ. ಒಳಗೆ ನಡೆಯೋದು ಪಾಳೇಗಾರರ ಜಗಳ.

ಅದೇ ಬೇಸಿಗೆಯಲ್ಲಿ ಲಂಡನ್ನಿನಲ್ಲಿ ಏನು ನಡೀತು ನೋಡಿ. ೧೯೪೨ರ ಜೂನ್ ೨೧ರಂದು ಉತ್ತರ ಆಫ್ರಿಕಾದ ಟೊಬ್ರುಕ್ ಬಿತ್ತು, ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸೆರೆ (ಅದರಲ್ಲಿ ನಮ್ಮ ಭಾರತೀಯ ಸೈನಿಕರ ಒಂದು ಬ್ರಿಗೇಡೂ ಇತ್ತು). ಹತ್ತೇ ದಿನಕ್ಕೆ, ಯುದ್ಧದ ನಡುವೆಯೇ, ಪಾರ್ಲಿಮೆಂಟಿನಲ್ಲಿ ಚರ್ಚಿಲ್ ವಿರುದ್ಧ ಅವಿಶ್ವಾಸ ಗೊತ್ತುವಳಿ ಬಂತು. ಅವನು ಎದ್ದು ನಿಂತು ಉತ್ತರ ಕೊಡಬೇಕಾಯ್ತು. ಗೊತ್ತುವಳಿ ೪೭೫ಕ್ಕೆ ೨೫ ಮತದಿಂದ ಬಿದ್ದುಹೋಯ್ತು, ಅದು ಬೇರೆ ಮಾತು. ಆದರೆ ಕೇಳೋ ಜಾಗ ಇತ್ತು. ಬರ್ಲಿನ್ನಿನಲ್ಲಿ "ಈ ಮೆಕ್ಯಾನಿಕ್‌ಗಳನ್ನು ಯಾಕೆ ಟ್ಯಾಂಕಿನ ಮುಂದೆ ನಿಲ್ಲಿಸಿದ್ರಿ?" ಅಂತ ಕೇಳೋಕೆ ಯಾವ ಜಾಗ ಇತ್ತು? ಯಾವ ಪೇಪರ್ ಇತ್ತು? ಯಾವ ಕೋರ್ಟಿತ್ತು?

ಚರ್ಚಿಲ್ ಮೇಲೆ ನನಗೇನೂ ಪ್ರೀತಿ ಉಕ್ಕಿ ಹರೀತಿಲ್ಲ, ಕಾಮೆಂಟಿನಲ್ಲಿ ಶುರು ಮಾಡಬೇಡಿ. ಮರುವರ್ಷವೇ, ೧೯೪೩ರಲ್ಲಿ, ಬಂಗಾಳದ ಕ್ಷಾಮದಲ್ಲಿ ನಮ್ಮವರು ಲಕ್ಷ ಲಕ್ಷ ಸತ್ತರು. ಆದರೆ ಅದೂ ನನ್ನ ಮಾತನ್ನೇ ಗಟ್ಟಿ ಮಾಡುತ್ತೆ. ಬಂಗಾಳದ ರೈತನಿಗೆ ಆ ಪಾರ್ಲಿಮೆಂಟಿನಲ್ಲಿ ಕೇಳೋ ಹಕ್ಕಿರಲಿಲ್ಲ. ಕೇಳೋ ಹಕ್ಕಿದ್ದವನಿಗೆ ಪ್ರಧಾನಿ ಉತ್ತರ ಕೊಟ್ಟ, ಇಲ್ಲದವನು ಹಸಿದು ಸತ್ತ.

*

ಇಷ್ಟು ಓದಿ ಕೆಲವರಿಗೆ ಆ ಹುಡುಗರ ಬಗ್ಗೆ ಅಯ್ಯೋ ಅನ್ನಿಸಿರಬಹುದು. ನನಗೂ ಅನ್ನಿಸಿತು. ಹದಿನೆಂಟು ಇಪ್ಪತ್ತರ ಹುಡುಗರು, ವಿಮಾನ ಹಾರಿಸೋ ಆಸೆಯಿಂದ ಬಂದವರು, ನನ್ನ ಅಳಿಯನ ವಯಸ್ಸಿನವರು. ಅಯ್ಯೋ ಅನ್ನೋದು ತಪ್ಪಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮತ್ತೆ ಅರ್ಧ ಸುಳ್ಳು ಹೇಳಿದ ಹಾಗೆ.

ಅವರು ಎಲ್ಲಿ ನಿಂತಿದ್ದರು? ೯ ಮತ್ತು ೧೦ನೇ ಡಿವಿಷನ್ನುಗಳು ನಿಂತಿದ್ದು ಲೆನಿನ್‌ಗ್ರಾಡನ್ನು ಮುತ್ತಿದ ಸೈನ್ಯದ ಸಾಲಿನಲ್ಲಿ. ೧೯೪೧ರ ಸೆಪ್ಟೆಂಬರಿನಿಂದ ೧೯೪೪ರ ಜನವರಿವರೆಗೆ, ೮೭೨ ದಿನ, ಆ ಊರನ್ನು ಉಪವಾಸ ಕೆಡವಿ ಕೊಲ್ಲೋ ಮುತ್ತಿಗೆ ಅದು. ಸತ್ತ ನಾಗರಿಕರ ಸಂಖ್ಯೆ ಎಂಟು ಲಕ್ಷದಿಂದ ಹತ್ತು ಲಕ್ಷ ಅಂತ ಲೆಕ್ಕ. ೧೬ನೇ ಡಿವಿಷನ್ 'ಸುಮ್ಮನೆ' ಕರಾವಳಿ ಕಾಯ್ತಾ ಇದ್ದ ೧೯೪೩ರಲ್ಲೇ, ಅದೇ ನೆದರ್ಲೆಂಡ್ಸಿನ ವೆಸ್ಟರ್‌ಬೋರ್ಕ್ ಶಿಬಿರದಿಂದ ರೈಲುಗಳು ಸೋಬಿಬೋರ್‌ಗೆ, ಆಶ್ವಿಟ್ಜ್‌ಗೆ ಹೋಗ್ತಾ ಇದ್ದವು. ಆ ದೇಶದಿಂದ ಸಾಗಿಸಿದ ಯಹೂದಿಗಳು ಒಂದು ಲಕ್ಷಕ್ಕೂ ಹೆಚ್ಚು. ಮರಳಿ ಬಂದವರು ಕೆಲವೇ ಸಾವಿರ. ಕರಾವಳಿ ಕಾಯೋದು ಅಂದರೆ ಹೊರಗಿನವರು ಬಂದು ಆ ರೈಲುಗಳನ್ನು ನಿಲ್ಲಿಸದ ಹಾಗೆ ಕಾಯೋದು ಅಂತಲೂ ಅರ್ಥ. ಆ ಮೆಕ್ಯಾನಿಕ್ ಹುಡುಗನಿಗೆ ಅದೆಲ್ಲ ಗೊತ್ತಿತ್ತೋ ಇಲ್ಲವೋ, ಅವನು ಬಾಗಿಲು ಕಾದ ಮನೆಯೊಳಗೆ ನಡೀತಿದ್ದಿದ್ದು ಅದು.

ಹಾಗಾಗಿ 'ಗೋರಿಂಗನ ಮೂರ್ಖತನದಿಂದ ಜರ್ಮನಿ ಸೋತಿತು, ಪಾಪ' ಅಂತ ನಾನು ಬರೀತಾ ಇಲ್ಲ. ಆ ಮೂರ್ಖತನ ಸೋಲನ್ನು ಒಂದು ದಿನ ಹತ್ತಿರ ತಂದಿದ್ದರೂ ಒಳ್ಳೇದೇ ಆಯ್ತು. ನಾನು ಹೇಳ್ತಿರೋದು ಇಷ್ಟು: ಆ ಕ್ರೌರ್ಯ ಬೇರೆ, ಆ ಮೂರ್ಖತನ ಬೇರೆ, ಆ ದಕ್ಷತೆ ಬೇರೆ ಅಂತ ಅಂಗಡಿಯಲ್ಲಿ ತರಕಾರಿ ಆರಿಸಿದ ಹಾಗೆ ಆರಿಸೋಕಾಗಲ್ಲ. ಒಂದೇ ಬೇರಿನ ಗಿಡ ಅದು. ಮನುಷ್ಯರನ್ನು ಲೆಕ್ಕಕ್ಕೇ ತಗೊಳ್ಳದ ವ್ಯವಸ್ಥೆ ಶತ್ರುವಿನ ಮಕ್ಕಳನ್ನೂ ಲೆಕ್ಕಕ್ಕೆ ತಗೊಳ್ಳಲ್ಲ, ತನ್ನ ಮಕ್ಕಳನ್ನೂ ತಗೊಳ್ಳಲ್ಲ.

ಹಬ್ಬ ಮುಗಿಸಿ ಬೆಂಗಳೂರಿಗೆ ಬರೋ ರಾತ್ರಿ ಬಸ್ಸಿಗೆ ನನ್ನನ್ನು ಬೈಕಲ್ಲಿ ಬಿಡೋಕೆ ಬಂದ ಅಳಿಯನಿಗೆ ಇದರಲ್ಲಿ ಅರ್ಧ ಹೇಳಿದೆ. ಸುಮ್ಮನೆ ಕೇಳಿದ. ಕೊನೆಗೆ, "ಹಂಗಾದ್ರೆ ತಾಲೂಕು ಆಫೀಸಿನವನು ಲಂಚ ತಗೊಳ್ತಾನೇ ಇರಬೇಕಾ ಮಾಮ?" ಅಂದ.

ಒಳ್ಳೆ ಪ್ರಶ್ನೆ. "ಇಲ್ಲ ಮಾರಾಯ. ಅವನ ಮೇಲೆ ದೂರು ಕೊಡಬಹುದು, ಅರ್ಜಿ ಹಾಕಿ ಮಾಹಿತಿ ಕೇಳಬಹುದು, ಪೇಪರಿಗೆ ಬರೀಬಹುದು. ಬೇಜಾರಿನ ಕೆಲಸ, ಚಪ್ಪಲಿ ಸವೆಯುತ್ತೆ. ಆದರೆ ನಿನ್ನ ಹಿಟ್ಲರ್ ಬಂದ ಮೇಲೆ ಅದೇ ಗುಮಾಸ್ತ ಅದೇ ಕುರ್ಚಿಯಲ್ಲಿ ಕೂತಿರ್ತಾನೆ, ಲಂಚಾನೂ ತಗೊಳ್ತಾನೆ, ಕೇಳೋಕೆ ಹೋದ ನೀನು ಮಾತ್ರ ಇರಲ್ಲ" ಅಂದೆ. ನಕ್ಕ. ಒಪ್ಪಿದನೋ ಇಲ್ಲವೋ ಗೊತ್ತಿಲ್ಲ. ಬಸ್ ಬಂತು.

ಹಳೇ ಪೋಸ್ಟನ್ನು ಅಳಿಸಿಬಿಡೋಣ ಅಂತ ಯೋಚಿಸಿದ್ದೆ. ಬೇಡ ಅನ್ನಿಸಿತು. ಅಳಿಸಿದರೆ ನಾನೂ ಆ ಜನರಲ್‌ಗಳ ಹಾಗೆ "ನಾನವನಲ್ಲ" ಅಂದ ಹಾಗಾಗುತ್ತೆ. ಅದು ಹಾಗೇ ಇರಲಿ. ಅದರ ತಲೆಯ ಮೇಲೆ "ಇದು ತಪ್ಪು, ಯಾಕೆ ತಪ್ಪು ಅಂತ ಇಲ್ಲಿ ಓದಿ" ಅಂತ ಒಂದು ಸಾಲು ಹಾಕಿ ಈ ಪೋಸ್ಟಿಗೆ ಕೊಂಡಿ ಕೊಟ್ಟಿದ್ದೀನಿ.

ನಿಮ್ಮ ಬ್ಲಾಗಿನ ಹಳೇ ಪುಟಗಳಲ್ಲೂ ಇಂಥದ್ದೊಂದು 'ಆದರೆ' ಎಲ್ಲಾದರೂ ಕೂತಿದೆಯಾ? ಒಮ್ಮೆ ಹಿಂದಕ್ಕೆ ಹೋಗಿ ನೋಡಿ. ನಾವು ಬರೆದಿದ್ದನ್ನು ನಮ್ಮ ಮನೆ ಮಕ್ಕಳೇ ಓದ್ತಾ ಇರ್ತಾರೆ. ನನಗಂತೂ ಗೊತ್ತಿರಲಿಲ್ಲ.

ಬೈ ಅನ್ನಿಸಿದರೆ ಬೈಯಿರಿ, ಕಾಮೆಂಟ್ ಪೆಟ್ಟಿಗೆ ತೆರೆದೇ ಇದೆ. ಕೇಳೋ ಜಾಗ ಇರಬೇಕು ಅಂತ ಇಷ್ಟುದ್ದ ಬರೆದು ನಾನೇ ಬಾಗಿಲು ಹಾಕಿದರೆ ಹೇಗೆ? :-)